ಸೂಜಿಯಕ್ಕ ಓದಿದ ಪುಸ್ತಕಗಳು

ಮಾನ್ಯ ವಾಚಕ ಮಹಾಶಯರಲ್ಲಿ ಈ ಲೇಖಕನ ವಿನಮ್ರ ಅರಿಕೆ. ಈ ಕಥಾನಕದಲ್ಲಿ ಕೊಲೆಯಿಲ್ಲ, ಕಳವಿಲ್ಲ, ಮುಖವಾಡ ಧರಿಸಿದ ಖಳನಿಲ್ಲ. ಆದರೂ ಒಬ್ಬ ಹೆಂಗಸಿನ ಧ್ವನಿ ಹಾಡಹಗಲೇ, ಸಜ್ಜನರ ಸಮಕ್ಷಮದಲ್ಲಿ, ಎಲ್ಲರೂ ತಂತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿರುವಾಗಲೇ ಇಲ್ಲವಾಯಿತು. ಅದು ಹೇಗೆಂಬುದನ್ನು ನಿರೂಪಿಸುವುದಷ್ಟೇ ನನ್ನ ಉದ್ದೇಶ. ಕೊನೆಯ ಪುಟದಲ್ಲಿ ಅಪರಾಧಿಯನ್ನು ಹಿಡಿದುಕೊಡುವೆನೆಂಬ ಭರವಸೆಯನ್ನು ತಾವು ದಯಮಾಡಿ ಇಟ್ಟುಕೊಳ್ಳಬಾರದು.

ನಾನು ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು. ಒಂದು ಊರಿನ ನೀರು ಒಗ್ಗುವಷ್ಟರಲ್ಲಿ ಇನ್ನೊಂದು ಊರಿನ ಬಸ್ಸು ಹತ್ತಿರುತ್ತೇನೆ. ಶಾಲೆಯ ಋಣ ಬೇಗ ತೀರಿತು. ಆಮೇಲೆ ನನಗೆ ಭಾಷೆ, ಪ್ರೇಮ, ಕಾನೂನು, ಲೋಕವ್ಯವಹಾರ ಎಲ್ಲವನ್ನೂ ಕಲಿಸಿದ್ದು ಬಸ್ ನಿಲ್ದಾಣಗಳಲ್ಲಿ ಅರ್ಧ ಬೆಲೆಗೆ ಸಿಗುವ ಕಾದಂಬರಿಗಳು. ಈ ಊರಿಗೆ ಬಂದಾಗ, ಅಂಧರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿಡುವ ಒಂದು ಗ್ರಂಥಾಲಯದಲ್ಲಿ ತಾತ್ಕಾಲಿಕ ಕೆಲಸವೊಂದು ಖಾಲಿಯಿತ್ತು.

“ಏನು ಓದಿದ್ದೀರಿ?” ಎಂದು ಅಲ್ಲಿನ ವ್ಯವಸ್ಥಾಪಕಿ ಕೇಳಿದರು. ಅವರನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು.

“ಪತ್ತೇದಾರಿ ಜಾಸ್ತಿ, ಮೇಡಂ. ಸಾಮಾಜಿಕ ಸ್ವಲ್ಪ.”

“ನಾನು ಕೇಳಿದ್ದು ಡಿಗ್ರಿ.”

“ಅದಿಲ್ಲ.”

ಅವರು ನಕ್ಕರು. “ಇರ್ಲಿ ಬಿಡಿ, ಇಲ್ಲಿ ಜನ ಕೇಳೋದೂ ಪತ್ತೇದಾರಿನೇ. ನಾಳೆಯಿಂದ ಬನ್ನಿ.”

ನನ್ನ ಕೆಲಸವಿದ್ದದ್ದು ಗ್ರಂಥಾಲಯದ ಜಾಲತಾಣದ ಹಿಂಬದಿಯಲ್ಲಿ. ನಾಟಕದ ಪರದೆಗೆ ಹಿಂಭಾಗವಿರುವಂತೆ ಜಾಲತಾಣಕ್ಕೂ ಒಂದು ಹಿಂಭಾಗವಿರುತ್ತದೆ. ಪ್ರತಿ ಪುಸ್ತಕದ ಪ್ರತಿ ಧ್ವನಿಮುದ್ರಣಕ್ಕೂ ಅಲ್ಲೊಂದು ಪುಟ. ಪುಟದಲ್ಲಿ ಶೀರ್ಷಿಕೆಗೆ ಒಂದು ಅಂಕಣ, ಕಥಾಸಾರಕ್ಕೆ ಒಂದು, ಧ್ವನಿಗೆ ಒಂದು, ಎಲ್ಲಕ್ಕಿಂತ ಕೆಳಗೆ ‘ಓದಿದವರು’ ಎಂದು ಇನ್ನೊಂದು. ಆ ಕೊನೆಯದು ಡ್ರಾಪ್‌ಡೌನ್. ಅದರಲ್ಲಿ ನಮ್ಮಿಷ್ಟದಂತೆ ಏನನ್ನೂ ಟೈಪ್ ಮಾಡುವಂತಿಲ್ಲ. ಒತ್ತಿದರೆ ಹೆಸರುಗಳ ಪಟ್ಟಿ ಕೆಳಗಿಳಿಯುತ್ತದೆ, ಅದರಲ್ಲೊಂದನ್ನು ಆರಿಸಬೇಕು.

“ಮೊದಲು ಟೈಪ್ ಮಾಡೋಕೆ ಬಿಟ್ಟಿದ್ರು,” ಎಂದು ನನಗೆ ಪಾಠ ಹೇಳಿದವರು ಕಚೇರಿಯ ಹಿರಿಯ ಗುಮಾಸ್ತರು. ಅವರಿಗೆ ಅಲ್ಲಿ ದೊಡ್ಡಪ್ಪ ಎಂದೇ ಹೆಸರು. “ಒಬ್ಬೊಬ್ಬರು ಒಂದೊಂದು ಥರ ಬರೀತಿದ್ರು. ಒಬ್ಬನೇ ಮನುಷ್ಯ ಜಾಲತಾಣದ ತುಂಬಾ ಅಣ್ಣತಮ್ಮಂದಿರ ಹಾಗೆ ಹರಡ್ಕೊಂಡಿದ್ದ. ಈಗ ನೋಡು, ಪಟ್ಟೀಲಿದ್ರೆ ಉಂಟು, ಇಲ್ದಿದ್ರೆ ಇಲ್ಲ. ಸುಖ.”

ಆ ಗ್ರಂಥಾಲಯದ ಎರಡು ಪದ್ಧತಿಗಳನ್ನು ವಾಚಕರು ಇಲ್ಲಿಯೇ ಅರಿತುಕೊಳ್ಳುವುದು ಒಳಿತು. ಓದುವವರು ತಮ್ಮ ನಿಜನಾಮವನ್ನು ಬಳಸುತ್ತಿರಲಿಲ್ಲ. ತಮಗೆ ತಾವೇ ಇಟ್ಟುಕೊಂಡ ಅಡ್ಡಹೆಸರನ್ನು ಪಟ್ಟಿಗೆ ಕೊಡುತ್ತಿದ್ದರು, ಮುದ್ರಣದೊಳಗೆ ಅದನ್ನೂ ಉಚ್ಚರಿಸುತ್ತಿರಲಿಲ್ಲ. ಧ್ವನಿಗೂ ಹೆಸರಿಗೂ ಗಂಟು ಬೀಳುತ್ತಿದ್ದದ್ದು ಆ ಡ್ರಾಪ್‌ಡೌನ್‌ನಲ್ಲಿ ಮಾತ್ರ. ಎರಡನೆಯದು, ಪ್ರತಿ ಪುಸ್ತಕವನ್ನೂ ಇಬ್ಬರು ಓದಬೇಕು, ಒಂದು ಗಂಡಿನ ದನಿ, ಒಂದು ಹೆಣ್ಣಿನ ದನಿ. ಕೇಳುವವರು ತಮಗೊಪ್ಪಿದ್ದನ್ನು ಆರಿಸಿಕೊಳ್ಳಲಿ ಎಂದು.

ಘನವಾದ ಗ್ರಂಥಗಳನ್ನು ಓದಲು ಘನವಂತರ ದಂಡೇ ಇತ್ತು. ಅಗ್ಗದ ಕಾದಂಬರಿಗಳನ್ನು ಮುಟ್ಟಿದವರು ಇಬ್ಬರೇ. ಅಂಚೆ ಹಂಚಿ ನಿವೃತ್ತರಾದ ‘ಅಂಚೆಯಣ್ಣ’. ಬಟ್ಟೆ ಹೊಲಿಯುವ ‘ಸೂಜಿಯಕ್ಕ’. ಯಾವಾಗಲೂ ಮೊದಲು ಓದುತ್ತಿದ್ದವಳು ಸೂಜಿಯಕ್ಕ. ಅಂಚೆಯಣ್ಣ ಅದನ್ನು ಪೂರ್ತಿ ಕೇಳಿ, “ಅವಳು ನಡುವೆ ಆಕಳಿಸಿದ್ರೆ ನಾನು ಆ ಪುಸ್ತಕದ ತಂಟೆಗೇ ಹೋಗಲ್ಲ,” ಎನ್ನುತ್ತಿದ್ದನಂತೆ. ಅವಳು ಆಕಳಿಸಿದ್ದು ಯಾರಿಗೂ ನೆನಪಿಲ್ಲ, ಆದ್ದರಿಂದ ಅವನೂ ಎಲ್ಲವನ್ನೂ ಓದಿದ.

ನಾನು ಬಾಡಿಗೆಗಿದ್ದದ್ದು ಈ ಸೂಜಿಯಕ್ಕನ ಮನೆಯ ಹಿಂದಿನ ಕೋಣೆಯಲ್ಲಿ. ನಾನು ಅವಳನ್ನು ಅತ್ತಿಗೆ ಎನ್ನುತ್ತಿದ್ದೆ, ಅವಳ ಗಂಡನನ್ನು ಅಣ್ಣ. ಅಣ್ಣ ಹುಟ್ಟುಕುರುಡ, ಬೆತ್ತದ ಕುರ್ಚಿ ಹೆಣೆಯುವವನು. ನಾನು ಬರುವ ಮೊದಲೇ ಅತ್ತಿಗೆಯ ಗಂಟಲಿನ ಗೆಡ್ಡೆಯೊಂದಿಗೆ ವೈದ್ಯರು ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿದ್ದರು. ಅವಳ ಮಾತನ್ನು ನಾನು ಕೇಳಿದ್ದು ಜಾಲತಾಣದಲ್ಲಿ ಮಾತ್ರ: ಸ್ವಲ್ಪ ಒಡೆದ, ವಾಕ್ಯದ ತುದಿಯಲ್ಲಿ ಒಂಚೂರು ಮೇಲಕ್ಕೇಳುವ, ನಗುವನ್ನು ಹಲ್ಲಿನ ಹಿಂದೆ ಒತ್ತಿಹಿಡಿದಂಥ ದನಿ.

ಮಾತಿಲ್ಲದ ಹೆಂಡತಿ, ಕಣ್ಣಿಲ್ಲದ ಗಂಡ. ಅವಳು ಚೀಟಿ ಬರೆದರೆ ಅವನು ಕಾಣ. ಅಂಗೈ ಮೇಲೆ ಬೆರಳಿನಿಂದ ಬರೆದರೆ, ಬೆತ್ತ ಎಳೆದೆಳೆದು ದಡ್ಡುಗಟ್ಟಿದ ಆ ಅಂಗೈಗೆ ಅಕ್ಷರದ ತಿರುವು ತಿಳಿಯದು. ಮೊಬೈಲಿನಲ್ಲಿ ಟೈಪ್ ಮಾಡಿ ಯಂತ್ರದಿಂದ ಹೇಳಿಸಿದ್ದೂ ಆಯಿತು. ಅಣ್ಣ ಮೂರೇ ವಾಕ್ಯಕ್ಕೆ ಕೈಮುಗಿದುಬಿಟ್ಟ. “ಈ ರೈಲ್ವೆ ಸ್ಟೇಷನ್ ಹೆಂಗಸಿನ ಜೊತೆ ನಾನು ಸಂಸಾರ ಮಾಡಲ್ಲ ಕಣೇ. ಊಟಕ್ಕೆ ಕರೆದ್ರೆ ಪ್ಲಾಟ್‌ಫಾರಂ ಹುಡುಕೋ ಹಾಗಾಗುತ್ತೆ.”

ಆಗ ಅತ್ತಿಗೆ ತಾನೇ ಒಂದು ದಾರಿ ಕಂಡುಕೊಂಡಳು. ಯಾವ ಕಾದಂಬರಿಯ ಯಾವ ಅಧ್ಯಾಯದಲ್ಲಿ ಯಾರು ಏನು ಹೇಳಿದ್ದಾರೆಂಬುದು ಅವಳಿಗೆ ಅಂಗೈಗೆರೆಯಂತೆ ತಿಳಿದಿತ್ತು. ಜಾಲತಾಣದಲ್ಲಿ ತನ್ನ ಹೆಸರನ್ನು ಒತ್ತುವಳು, ಪುಸ್ತಕ ತೆರೆಯುವಳು, ಸಾಲನ್ನು ಹುಡುಕುವಳು. ಮೊಬೈಲಿನಿಂದ ಅವಳ ಹಳೆಯ ದನಿ ಗಂಡನಿಗೆ ಉತ್ತರ ಕೊಡುವುದು.

“ಲೇ, ಎಲ್ಲಿದ್ದೀಯಾ?” ಎಂದು ಅಣ್ಣ ಬಾಗಿಲಲ್ಲಿ ಕೂಗುತ್ತಿದ್ದ.

“‘ನಿಮ್ಮ ಕಣ್ಣೆದುರೇ ನಿಂತಿದ್ದೇನಲ್ಲ, ಇನ್‌ಸ್ಪೆಕ್ಟರ್!’”

“ಕುರುಡನಿಗೆ ಹೇಳೋ ಮಾತೇನೋ ಇದು, ನೀನೇ ಹೇಳಪ್ಪ,” ಎಂದು ಅವನು ನನ್ನ ಕಡೆ ತಿರುಗುವನು. “ಹೋಗ್ಲಿ, ಊಟಕ್ಕೇನು ಮಾಡಿದ್ದೀಯಾ?”

ಸ್ವಲ್ಪ ಹೊತ್ತು ಹುಡುಕಾಟ. ಅನಂತರ: “‘ವಿಷ!’ ಎಂದಳು ವಕೀಲನ ಎರಡನೆಯ ಹೆಂಡತಿ, ತಣ್ಣಗೆ.”

“ಎರಡು ಸೌಟು ಹಾಕು.”

ಒಮ್ಮೆ ಅಣ್ಣನಿಗೆ ಜ್ವರ ಏರಿದಾಗ ಅವಳು ಉತ್ತರಕ್ಕಾಗಿ ಹುಡುಕಲಿಲ್ಲ. ಹಡಗಿನಲ್ಲಿ ನಡೆದ ಕೊಲೆಯೊಂದರ ಉದ್ದನೆಯ ಅಧ್ಯಾಯವನ್ನು ಹಾಕಿ ಮೊಬೈಲನ್ನು ಅವನ ದಿಂಬಿನ ಪಕ್ಕದಲ್ಲಿಟ್ಟಳು. ಹೆಣ, ರಕ್ತ, ಹರಿದ ಹಗ್ಗ ಎಲ್ಲವನ್ನೂ ಕೇಳುತ್ತ ಅವನು ಮಗುವಿನ ಹಾಗೆ ನಿದ್ದೆ ಹೋದ. ಆ ದಂಪತಿಯ ಮನೆ ನಿಂತದ್ದೇ ಆ ಮುದ್ರಣಗಳ ಮೇಲೆ.

ಹೀಗಿರಲು, ದೊಡ್ಡ ದಾನಿಗಳು ಜಾಲತಾಣವನ್ನು ನೋಡಲು ಬರುತ್ತಾರೆಂಬ ಸುದ್ದಿ ಬಂತು. ಮೇಡಂ ಜಾಲತಾಣವನ್ನು ಮದುವೆ ಮನೆಯಂತೆ ಒಪ್ಪ ಮಾಡಲು ನಿಂತರು.

“ಈ ಪಟ್ಟಿ ನೋಡಿ, ಒತ್ತಿದ್ರೆ ಪರದೆ ದಾಟಿ ಮೇಜಿನ ಮೇಲೆ ಬೀಳುತ್ತೆ! ಈಗ ಓದದೇ ಇರೋರ ಹೆಸರೆಲ್ಲ ಯಾಕೆ ಬೇಕು? ತೆಗೆದುಬಿಡಿ.”

“ಸೂಜಿಯಕ್ಕನ ಹೆಸರು ಇರ್ಲಿ, ಮೇಡಂ.”

“ಅವರು ಇನ್ನು ಓದ್ತಾರಾ?”

“ಇಲ್ಲ.”

“ಮತ್ತೆ? ಹೊಸ ಪುಟಕ್ಕೆ ಅವರ ಹೆಸರು ಬೇಕಾಗಲ್ಲ. ಹಳೇ ಪುಟದಲ್ಲಿ ಇದ್ದೇ ಇರುತ್ತೆ.” ನನ್ನ ಮುಖ ನೋಡಿ ಅವರು ತಂತ್ರಜ್ಞನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಆತ ಇನ್ನಾವುದೋ ಸಂಸ್ಥೆಯವನು. ನಾವು ಅವನ ಮುಖವನ್ನು ಕಂಡದ್ದೇ ಅಪರೂಪ.

“ಹಳೇದಕ್ಕೆ ಏನೂ ಆಗಲ್ಲ ಸಾರ್,” ಎಂದಿತು ಫೋನು. “ಕಲ್ಲಲ್ಲಿ ಕೆತ್ತಿದ ಹಾಗೆ.”

ಅದು ಸುಳ್ಳಾಗಿರಲಿಲ್ಲ. ಪಟ್ಟಿಯಿಂದ ಹೆಸರು ತೆಗೆದ ಮೇಲೆ ನಾನೇ ಹೋಗಿ ನೋಡಿದೆ. ಕೇಳುಗರಿಗೆ ಕಾಣುವ ಪುಟಗಳಲ್ಲಿ, ಅವಳ ಕಾದಂಬರಿಗಳ ಕೆಳಗೆಲ್ಲ ‘ಸೂಜಿಯಕ್ಕ’ ಎಂದು ಮೊದಲಿನಂತೆಯೇ ಇತ್ತು. ನಾನು ನೆಮ್ಮದಿಯಿಂದ ಚಹಾ ಕುಡಿಯಲು ಹೋದೆ.

ಅದಾದ ಮೇಲೆ ಇನ್ನೊಂದು ಆಜ್ಞೆಯಾಯಿತು. ಗ್ರಂಥಾಲಯದ ಹೊಸ ಲಾಂಛನ ಪ್ರತಿ ಪುಟದ ಅಡಿಯಲ್ಲಿ ಕಾಣಿಸಬೇಕಾದರೆ ಪ್ರತಿ ಪುಟವನ್ನೂ ಹಿಂಬದಿಯಲ್ಲಿ ಒಮ್ಮೆ ತೆರೆದು, ಏನನ್ನೂ ಬದಲಿಸದೆ, ಮತ್ತೆ ಸೇವ್ ಮಾಡಬೇಕಿತ್ತು. ಪಠ್ಯಪುಸ್ತಕಗಳು ನನ್ನ ಪಾಲಿಗೆ ಬಂದವು, ಕಾದಂಬರಿಗಳು ದೊಡ್ಡಪ್ಪನ ಪಾಲಿಗೆ. ಅವರು ಕನ್ನಡಕವನ್ನು ಹಣೆಗೇರಿಸಿ, ಶಿಳ್ಳೆ ಹಾಕುತ್ತ ಕುಳಿತರು.

“ತೆಗಿ, ಒತ್ತು, ಮುಚ್ಚು. ತೆಗಿ, ಒತ್ತು, ಮುಚ್ಚು. ಬಟಾಣಿ ಸುಲಿದ ಹಾಗೆ ಕಣಯ್ಯಾ! ನೀನಿನ್ನೂ ಅಲ್ಲೇ ಇದ್ದೀಯಾ?”

ಪುಟದ ಮೇಲ್ಭಾಗದಲ್ಲೇ ಸೇವ್ ಗುಂಡಿಯಿತ್ತು. ಓದಿದವರ ಡ್ರಾಪ್‌ಡೌನ್ ಇದ್ದದ್ದು ಕೆಳಗೆ, ಕಣ್ಣಿಗೆ ಬೀಳದ ಜಾಗದಲ್ಲಿ.

ಮರುವಾರದ ಒಂದು ಸಂಜೆ ಅಣ್ಣ ಕೈ ತೊಳೆದು ಬಂದು ಕುಳಿತ. ನಾನು ಕಿಟಕಿಯ ಬಳಿ ಅವನು ಹೆಣೆದ ಕುರ್ಚಿಯಲ್ಲಿದ್ದೆ.

“ಏನೇ, ಇವತ್ತು ಮಷೀನು ಸದ್ದೇ ಇಲ್ಲ? ಬಟ್ಟೆ ಹೊಲಿಸೋಕೆ ಯಾರೂ ಬರ್ಲಿಲ್ವಾ?”

ಅತ್ತಿಗೆ ನಗುತ್ತ ಮೊಬೈಲನ್ನು ಒತ್ತಿದಳು. ಅವಳ ಬೆರಳಿಗೆ ಉತ್ತರ ಮೊದಲೇ ಗೊತ್ತಿದ್ದಂತಿತ್ತು. ತನ್ನ ಹೆಸರನ್ನು ಹುಡುಕುವ ಗೋಜಿಗೆ ಹೋಗದೆ, ನೇರವಾಗಿ ಪುಸ್ತಕದ ಶೀರ್ಷಿಕೆಯಿಂದಲೇ ತೆರೆದಳು.

“‘ನನ್ನ ಬೆನ್ನು ಹತ್ತಿದವರೆಲ್ಲ ಇಂದು ಎಲ್ಲಿ ಅಡಗಿದರು?’” ಎಂದಿತು ಮೊಬೈಲು, ದಪ್ಪನೆಯ ಗಂಡುದನಿಯಲ್ಲಿ.

ಅಣ್ಣ ಬೆಚ್ಚಿದ, ಆಮೇಲೆ ಹೊಟ್ಟೆ ಹಿಡಿದು ನಕ್ಕ. “ಅಯ್ಯಯ್ಯೋ, ಮನೇಲಿ ಗಂಡಸು ಯಾರೇ ಅದು? ಅಂಚೆಯಣ್ಣಾ, ಕಾಗದ ಕೊಟ್ಟು ಹೊರಡಯ್ಯ. ನನ್ನ ಹೆಂಡತೀನ ಕರಿ.”

ಅತ್ತಿಗೆ ಹಿಂದಕ್ಕೆ ಹೋಗಿ ಇನ್ನೊಂದನ್ನು ತೆರೆದಳು. ಅದೇ ದನಿ. ಮತ್ತೊಂದು. ಅದೇ ದನಿ. ವಕೀಲನ ಎರಡನೆಯ ಹೆಂಡತಿಯೂ ಗೊಗ್ಗರು ಗಂಟಲಿನಲ್ಲಿ ‘ವಿಷ’ ಎಂದಳು. ಅಣ್ಣನ ನಗು ಒಂದೊಂದು ಪುಸ್ತಕಕ್ಕೂ ಸ್ವಲ್ಪ ಸ್ವಲ್ಪವೇ ಸಣ್ಣದಾಯಿತು.

“ಸಾಕು ಕಣೇ, ತಮಾಷೆ.”

ಅದು ತಮಾಷೆಯಲ್ಲವೆಂದು ಹೇಳಲು ಅವಳಲ್ಲಿ ಏನೂ ಇರಲಿಲ್ಲ. ಅವಳು ಮೊಬೈಲನ್ನು ನನ್ನ ಕೈಗೆ ತುರುಕಿದಳು. ನಾನು ಓದಿದವರ ಪಟ್ಟಿಯನ್ನು ತೆರೆದೆ. ಅಲ್ಲಿ ಸೂಜಿಯಕ್ಕ ಇರಲಿಲ್ಲ. ಒಂದೊಂದು ಕಾದಂಬರಿಯ ಅಡಿಯಲ್ಲೂ ಎರಡು ಮುದ್ರಣಗಳಿರಬೇಕಾದ ಕಡೆ ಒಂದೇ ಇತ್ತು. “ನಾಳೆ ಕಚೇರೀಲಿ ಕೇಳ್ತೀನಿ ಅತ್ತಿಗೆ. ಎಲ್ಲೋ ಸಿಕ್ಕಿಹಾಕ್ಕೊಂಡಿರುತ್ತೆ,” ಎಂದೆ.

ಮರುದಿನ ಕಚೇರಿಯಲ್ಲಿ ತಂತ್ರಜ್ಞನ ದನಿ ಫೋನಿನಿಂದ ಎಲ್ಲವನ್ನೂ ವಿವರಿಸಿತು. ಪಟ್ಟಿಯಿಂದ ತೆಗೆದ ಹೆಸರು ಹಳೆಯ ಪುಟದಲ್ಲಿ ಉಳಿದಿರುತ್ತದೆ, ನಿಜ. ಆದರೆ ಯಾರೂ ಆ ಪುಟವನ್ನು ಹಿಂಬದಿಯಲ್ಲಿ ತೆರೆಯುವವರೆಗೆ ಮಾತ್ರ. ತೆರೆದಾಗ ಡ್ರಾಪ್‌ಡೌನ್ ತನ್ನ ಹಳೆಯ ಹೆಸರನ್ನು ಪಟ್ಟಿಯಲ್ಲಿ ಹುಡುಕುತ್ತದೆ. ಸಿಗುವುದಿಲ್ಲ.

“ಅದು ಕಡ್ಡಾಯ ಫೀಲ್ಡ್ ಅಲ್ವಾ ಸಾರ್, ಖಾಲಿ ಇರೋ ಹಾಗಿಲ್ಲ. ಅದಕ್ಕೇ ಪಟ್ಟೀಲಿ ಮೊದಲು ಯಾರಿದ್ದಾರೋ ಅವರನ್ನ ತೋರಿಸುತ್ತೆ. ಸೇವ್ ಒತ್ತಿದ್ರೆ ಅದೇ ಖಾಯಂ.”

ಪಟ್ಟಿಯಲ್ಲಿ ಮೊದಲಿದ್ದವನು ಅಂಚೆಯಣ್ಣ.

“ಹೆಸರು ತಪ್ಪಾಗಿದ್ರೆ ಪರವಾಗಿಲ್ಲ,” ಎಂದೆ. “ಧ್ವನಿ ಎಲ್ಲಿ?”

ಉತ್ತರ ಕೊಟ್ಟವರು ಮೇಡಂ. “ಮೊನ್ನೆ ನೋಡಿದ್ರೆ ಕಾದಂಬರಿಗಳೆಲ್ಲ ಎರಡೆರಡು ಸಲ ಇದ್ವು. ಅದೇ ಪುಸ್ತಕ, ಅದೇ ಓದಿದವರು. ದಾನಿಗಳು ನೋಡಿದ್ರೆ ಏನಂದ್ಕೋತಾರೆ ಅಂತ, ಡೂಪ್ಲಿಕೇಟ್ ತೆಗೀರಿ ಅಂತ ನಾನೇ ಹೇಳಿದೆ.”

“ಹೊಸದನ್ನ ಇಟ್ಟು ಹಳೇದನ್ನ ಅಳಿಸೋದು ನಿಯಮ ಸಾರ್,” ಎಂದಿತು ಫೋನು.

ಯಾವಾಗಲೂ ಮೊದಲು ಓದುತ್ತಿದ್ದವಳು ಸೂಜಿಯಕ್ಕ.

ನಾನು ಉಳಿದ ಬಾಗಿಲುಗಳನ್ನೆಲ್ಲ ತಟ್ಟಿದೆ. ಬ್ಯಾಕಪ್ ಇತ್ತು, ಆದರೆ ದಿನದ ಪ್ರತಿ ಹಿಂದಿನ ದಿನದ ಪ್ರತಿಯನ್ನು ಅಳಿಸಿಯೇ ಕೂರುತ್ತಿತ್ತು. ಮೂಲ ಟೇಪುಗಳಿದ್ದವು, ಆದರೆ ಮಿತವ್ಯಯಕ್ಕೆಂದು ಅವುಗಳ ಮೇಲೆ ಬೇರೆ ಪುಸ್ತಕಗಳನ್ನು ಮುದ್ರಿಸುವುದು ಅಲ್ಲಿನ ಹಳೆಯ ರೂಢಿ. ಕೇಳುಗರು ತಮ್ಮ ಬಳಿ ಇಳಿಸಿಟ್ಟುಕೊಳ್ಳಲು ಜಾಲತಾಣ ಬಿಡುತ್ತಿರಲಿಲ್ಲ. ದೊಡ್ಡಪ್ಪ ತಮ್ಮ ಬಲಗೈಯನ್ನು ಮೇಜಿನ ಮೇಲೆ ಮಗುಚಿಟ್ಟು ನೋಡುತ್ತ ಕುಳಿತಿದ್ದರು. “ನಾನು ಬರೀ ಒತ್ತಿದ್ದು ಕಣಪ್ಪಾ,” ಎಂದರು, “ಬರೀ ಒತ್ತಿದ್ದು.”

ನಾನು ಓದಿದ ಕಾದಂಬರಿಗಳಲ್ಲಿ ಈ ಘಟ್ಟಕ್ಕೆ ಬರುವಾಗ ಯಾರೋ ಒಬ್ಬರ ಮುಖ ಬಿಳಿಚಿಕೊಳ್ಳುತ್ತದೆ. ಇಲ್ಲಿ ಎಲ್ಲರ ಮುಖವೂ ಬಿಳಿಚಿತ್ತು.

“ಛೆ,” ಎಂದರು ಮೇಡಂ. “ಏನೂ ಮಾಡಕ್ಕಾಗಲ್ಲ ಅಂತಲ್ಲ. ಅವರನ್ನೇ ಕರೆಸಿ ಮತ್ತೆ ಓದಿಸೋಣ. ಸ್ಟುಡಿಯೋ ಖಾಲಿ ಮಾಡಿಸಿಕೊಡ್ತೀನಿ, ಎಷ್ಟು ದಿನ ಬೇಕಾದ್ರೂ ತಗೊಳ್ಳಲಿ.”

“ಮೇಡಂ, ಅವರಿಗೆ ಧ್ವನಿ ಇಲ್ಲ. ಆಪರೇಷನ್ ಆಗಿದೆ.”

ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಆಮೇಲೆ ಅವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಪಟ್ಟಿಯನ್ನು ತೆರೆದು, ತಾವೇ ಒಂದೊಂದೇ ಅಕ್ಷರ ಟೈಪ್ ಮಾಡಿ ‘ಸೂಜಿಯಕ್ಕ’ ಎಂಬ ಹೆಸರನ್ನು ಅದರ ಹಳೆಯ ಸ್ಥಾನದಲ್ಲಿ ಸೇರಿಸಿದರು.

“ನೋಡಿ, ಹಾಕಿದೀನಿ,” ಎಂದರು, ಮಗುವಿಗೆ ಗಾಯಕ್ಕೆ ಪಟ್ಟಿ ಕಟ್ಟಿ ತೋರಿಸುವಂತೆ.

ನಾನು ಆ ಹೆಸರನ್ನು ಒತ್ತಿದೆ. ‘ಈ ಹೆಸರಿನಲ್ಲಿ ಯಾವ ಪುಸ್ತಕವೂ ಇಲ್ಲ’ ಎಂದು ಬಂತು.

ಮನೆಗೆ ಬಂದಾಗ ಅಣ್ಣ ನೆಲದ ಮೇಲೆ ಕುಳಿತು ಕುರ್ಚಿಯೊಂದರ ಆಸನ ಹೆಣೆಯುತ್ತಿದ್ದ. ಅತ್ತಿಗೆ ಹೊಲಿಗೆ ಯಂತ್ರದ ಹಿಂದಿದ್ದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅಲಂಕಾರಕ್ಕೆ ನಾಲಿಗೆ ಹೊರಳಲಿಲ್ಲ.

“ಒಂದೂ ಉಳಿದಿಲ್ವಾ?” ಎಂದ ಅಣ್ಣ.

“ಇಲ್ಲಣ್ಣ.”

“ಬೇರೆ ಯಾರದ್ದಾದ್ರೂ ಹೆಸರಿನ ಹಿಂದೆ ಸೇರ್ಕೊಂಡಿರ್ಬೋದು ನೋಡೋ. ಅವಳು ಹಾಗೇನೇ. ಗುಂಪಲ್ಲಿ ಯಾವಾಗ್ಲೂ ಹಿಂದೆ ನಿಲ್ಲೋಳು.”

“ಎಲ್ಲಾ ತೆಗೆದು ಕೇಳ್ದೆ, ಅಣ್ಣ.”

ಅವನು ತಲೆಯಾಡಿಸಿ ಹೆಣೆಯುವುದನ್ನು ಮುಂದುವರಿಸಿದ. ಕೆಲಸ ಮುಗಿದ ಮೇಲೆ ಆಸನದ ಮೇಲೆ ಕೈಯಾಡಿಸಿ, ಎಲ್ಲೋ ತಪ್ಪಿದೆಯೆಂದು ಅರಿತು, ಒಂದೊಂದೇ ಎಳೆಯನ್ನು ಬಿಚ್ಚತೊಡಗಿದ. ಅತ್ತಿಗೆ ಬಾಯಿ ತೆರೆದಳು. ಕೊರಳಲ್ಲಿ ಉಸಿರಿಗೆಂದು ಬಿಟ್ಟ ತೂತನ್ನು ಮುಚ್ಚಿದ ಬಟ್ಟೆಯ ಹಿಂದಿನಿಂದ ಗಾಳಿ ಮಾತ್ರ ಬಂತು.

ಆಮೇಲಿನ ದಿನಗಳಲ್ಲಿ ಅವರು ಯಂತ್ರದ ದನಿಯನ್ನು ಮತ್ತೆ ಪ್ರಯತ್ನಿಸಿದರು. ಅದು ಊಟಕ್ಕೆ ಕರೆದಾಗ ಅಣ್ಣ ನೆಂಟರ ಮನೆಗೆ ಬಂದವನಂತೆ “ಬಂದೆ” ಎಂದು ಮೆಲ್ಲಗೆ ಹೇಳಿ, ಬಡಿಸಿದಷ್ಟನ್ನು ಉಂಡು ಎದ್ದುಹೋಗುತ್ತಿದ್ದ. ಅತ್ತಿಗೆ ಅದನ್ನು ನಿಲ್ಲಿಸಿದಳು.

ಒಂದು ದಿನ ಅವಳು ಅಳತೆ ಬರೆದುಕೊಳ್ಳುವ ಚೀಟಿಯಲ್ಲಿ ಏನನ್ನೋ ಗೀಚಿ, ನನ್ನ ಮುಂದೆ ಹಿಡಿದು, ಅಣ್ಣನತ್ತ ಕೈ ತೋರಿಸಿದಳು. ಓದಿ ಹೇಳು ಎಂಬುದು ಅದರ ಅರ್ಥ. ನಾನು ಓದಿದೆ: “‘ನನ್ನ ದನಿ ಹೇಗಿತ್ತು ಅಂತ ನಿಮಗೆ ಮರೆತುಹೋಗುತ್ತಾ?’ ಅಂತ ಕೇಳ್ತಿದ್ದಾರೆ ಅಣ್ಣ, ಅತ್ತಿಗೆ.”

ಅಣ್ಣ ನನ್ನ ಕಡೆಗೆ ಮುಖವೆತ್ತಿದ. ಅವನಿಗೆ ಸಿಟ್ಟು ಬಂದಿರಲಿಲ್ಲ. “ನೀನು ಓದ್ಬೇಡ ಕಣಪ್ಪಾ. ಈಗ್ಲೇ ಅವಳ ದನೀನ ನೆನೆಸ್ಕೊಳ್ಳೋಕೆ ಹೋದ್ರೆ ಮಧ್ಯದಲ್ಲಿ ಆ ಅಂಚೆಯಣ್ಣ ಕೆಮ್ತಾನೆ. ನಿನ್ನ ಗಂಟಲೂ ಸೇರ್ಕೊಂಡ್ರೆ ನಾನು ಅವಳನ್ನ ಎಲ್ಲಿ ಅಂತ ಹುಡುಕ್ಲಿ?”

ಚೀಟಿ ಮೇಜಿನ ಮೇಲೆ ಉಳಿಯಿತು.

ಅಂದಿನಿಂದ ಅವನು ಹೊಸದೊಂದು ಕ್ರಮವನ್ನು ಆರಂಭಿಸಿದ. ಅವಳ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಒಂದೊಂದಾಗಿ ಕೇಳುವನು. “ಟೀ ಬೇಕಾ? ಕಾಫಿನಾ? ಏನೂ ಬೇಡ್ವಾ?” ಬೇಕಾದದ್ದು ಬಂದಾಗ ಅವಳು ತಟ್ಟುವಳು. ಅಕ್ಷರ ತಿಳಿಯದ ಆ ಅಂಗೈಗೆ ತಟ್ಟುವುದು ತಿಳಿಯುತ್ತಿತ್ತು.

ಒಂದು ಮಧ್ಯಾಹ್ನ ಅವಳು ಅರ್ಧ ಹೊಲಿದ ತೋಳನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯತ್ತ ಕುಳಿತಿದ್ದಳು. ಯಂತ್ರದ ಸದ್ದು ನಿಂತದ್ದನ್ನು ಕೇಳಿ ಅಣ್ಣ ತಡವರಿಸಿ ಬಂದು ಅವಳ ಪಕ್ಕ ಕುಳಿತು ಕೈ ಹಿಡಿದ.

“ಏನಾಯ್ತೇ? ತಲೆನೋವಾ? ಸುಸ್ತಾ? ನನ್ನ ಮೇಲೆ ಕೋಪನಾ?”

ಅವಳು ತಟ್ಟಲಿಲ್ಲ.

“ನಿದ್ದೆ ಬಂದಿಲ್ವಾ?” ಅವನು ಇನ್ನಷ್ಟು ಹುಡುಕಿದ, ಸಿಗಲಿಲ್ಲ. ಮತ್ತೆ ಮೊದಲಿನಿಂದ ಶುರುಮಾಡಿದ, ಒಂದೊಂದಕ್ಕೂ ಕಾಯುತ್ತ. “ತಲೆನೋವಾ?”

ಅವಳು ಅವನ ಮುಖವನ್ನು ಒಂದು ಕ್ಷಣ ನೋಡಿದಳು. ಮೆಲ್ಲಗೆ ತಟ್ಟಿದಳು.

“ಅಂದ್ಕೊಂಡೆ,” ಎಂದು ಅವನು ಹಗುರಾಗಿ, ಮುಲಾಮಿನ ಡಬ್ಬಿಯನ್ನು ಹುಡುಕಿ ತಂದು, ನೋಯದ ಆ ಹಣೆಯನ್ನು ತನ್ನ ಒರಟು ಬೆರಳುಗಳಿಂದ ಬಹಳ ಹೊತ್ತು ತಿಕ್ಕಿದ. ಅವಳು ಕಣ್ಣು ಮುಚ್ಚಿಕೊಂಡು ತಿಕ್ಕಿಸಿಕೊಂಡಳು.

ನಾನು ನನ್ನ ಕೋಣೆಗೆ ಹೋಗಿ ಬಟ್ಟೆಗಳನ್ನು ಚೀಲಕ್ಕೆ ತುಂಬಿದೆ. ಕೆಲಸ ಬಿಟ್ಟೆನೆಂದು ಕಚೇರಿಗೆ ಎರಡು ಸಾಲು ಬರೆದು ಮಡಚಿದೆ. ಆ ಮನೆಯಲ್ಲಿ ಅತ್ತಿಗೆಯ ದನಿಯ ನೆನಪಿಗೆ ಅಡ್ಡ ಬರಬಹುದಾದ ಗಂಟಲು ಇನ್ನೊಂದಿತ್ತು, ಅದು ನನ್ನದು; ಅದನ್ನು ಅಲ್ಲಿಂದ ಒಯ್ಯುವುದಷ್ಟೇ ನನ್ನಿಂದ ಸಾಧ್ಯವಿದ್ದ ಸಹಾಯ. ಬೀಗದ ಕೈಯನ್ನು ಮೊಳೆಗೆ ನೇತುಹಾಕಿ ಮುಂಬಾಗಿಲಿಗೆ ಬಂದಾಗ ಅಣ್ಣ ಹೊಸಿಲ ಬಳಿ ಬೆತ್ತ ನೆನೆಸುತ್ತಿದ್ದ.

“ನೀನೇನೋ? ಚೀಲದ ಸದ್ದು ಕೇಳ್ತಿದೆ. ಹೊರಟ್ಯಾ?”

ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, ಅವನ ಹೆಗಲನ್ನು ಒಮ್ಮೆ ಒತ್ತಿದೆ. ಅತ್ತಿಗೆ ಒಳಗಿನಿಂದ ನೋಡಿ ತಲೆಯಾಡಿಸಿದಳು. ಮೆಟ್ಟಿಲಿಳಿದು, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಬಸ್ ನಿಲ್ದಾಣದ ದಾರಿ ಹಿಡಿದೆ.